ರಂಗಸ್ವಾಮಿ ಮಾಮನ ಉಸಿರು

ಜನಕ್ಕೆ ಸಾಕಾಗಿಹೋಗಿದ್ದ ಇಂಗ್ಲಿಷ್ ರೋಬೋಟ್ ಸಿನಿಮಾ ಸರಣಿಯೊಂದನ್ನು ಎಬ್ಬಿಸೋಕೆ, ಆ ರೋಬೋಟು ಹುಟ್ಟಿದ ಕಥೆಯನ್ನೇ ಹೊಸದಾಗಿ ತೆಗೆದಿದ್ದರು. ತಮಿಳು ಡಬ್ಬಿಂಗು ಚೆನ್ನೈನ ನಮ್ಮ ವಡಪಳನಿ ಸ್ಟುಡಿಯೋದಲ್ಲಿ. ಸೌಂಡ್ ಎಂಜಿನಿಯರ್ ನಾನು. ಹಿಂದಿನ ಸಿನಿಮಾಗಳಲ್ಲಿ ರೋಬೋಟಿಗಿದ್ದ ಹಳೇ ದನಿಯೇ ಬೇಕು ಅಂದರು. ಆ ದನಿಯ ರಂಗಸ್ವಾಮಿ ಮಾಮ ತೀರಿಕೊಂಡಿದ್ದರು. ಹಳೇ ಟೇಪುಗಳಿಂದ ಅವರ ಮಾತುಗಳನ್ನು ಆರಿಸಿ ಜೋಡಿಸಿದೆ.

ಅವರ ಹೆಂಡತಿ ಮಾಮಿಯನ್ನು ಕರೆಸಿ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಮಾತೇನೋ ಅವರದೇ ಕಣಪ್ಪ. ನಡುವೆ ಸುಯ್ ಅಂತ ಉಸಿರೆಳ್ಕೋತಿದ್ರಲ್ಲ, ಅದೆಲ್ಲಿ?"

"ರೋಬೋಟು ಉಸಿರಾಡಬಾರದು ಮಾಮಿ. ಅದನ್ನ ಅವತ್ತೇ ಕತ್ತರಿಸಿ ಬಿಸಾಕ್ತಿದ್ವಿ."

"ಅದು ಕೇಳಿಸದೆ ನಂಗೆ ನಿದ್ದೆ ಬರೋಲ್ಲ. ಅದಕ್ಕೇ ಬಂದಿದ್ದು," ಅಂದು ಮಾಮಿ ಎದ್ದರು.

ಉಸಿರಿಲ್ಲದ ಆ ದನಿಯಲ್ಲೇ ಸಿನಿಮಾ ಚೆನ್ನಾಗಿಯೇ ಓಡಿತು. ಈ ಸಲ ರೋಬೋಟಿಗೆ ಜೀವ ಬಂದಿದೆ ಅಂತ ಜನ ಮೆಚ್ಚಿಕೊಂಡರು.