ಬಾಗಿಲ ಪಟ್ಟಿಗೆ ಹಲಸಿನ ಮೇಣ

ಆ ಕಾರು ಬಿಳಿಯದೆಂದೇ ನನ್ನ ನೆನಪು. ಅಮ್ಮನನ್ನು ಕೇಳಿದರೆ ಬೂದು ಎನ್ನುತ್ತಾಳೆ. ನಾನು ಬಿ.ಎ. ಓದುತ್ತಿದ್ದ ಬೇಸಿಗೆ ಎಂದು ಬರೆಯಹೊರಟರೆ, ಆಗಲೇ ಎಂ.ಎ.ಗೆ ಸೇರಿಯಾಗಿತ್ತೇನೋ ಎಂಬ ಅನುಮಾನ. ಹಲಸು ಹಣ್ಣಾಗುವ ಕಾಲ ಎಂಬುದೊಂದು ಖಂಡಿತ. ಇಲ್ಲದಿದ್ದರೆ ಇದೆಲ್ಲ ನಡೆಯುತ್ತಲೇ ಇರಲಿಲ್ಲ.

ಕಾರು ಅಮ್ಮನ ಅಣ್ಣನದು. ಮುಂಬೈಯಲ್ಲಿ ಹೋಟೆಲು ನಡೆಸುತ್ತಿದ್ದ ಮಾವ ಹೊಸತು ಕೊಂಡಾಗ ಹಳೆಯದನ್ನು ಕೊಕ್ಕರ್ಣೆಯ ನಮ್ಮ ಮನೆಗೆ ಕಳಿಸಿದ್ದರು. "ನನ್ನ್ ಮೊದ್ಲಿನ್ ಕಾರ್, ಭಾವ. ಲಾಯ್ಕ್ ಮಾಡಿ ಕಂಡ್ಕಣಿ" ಎಂದಿದ್ದರಂತೆ. ಅಪ್ಪಯ್ಯ ಹಾಗೆಯೇ ನೋಡಿಕೊಂಡರು. ನಾವು ಚಪ್ಪಲಿಯ ಮಣ್ಣು ಕೊಡವಿಯೇ ಹತ್ತಬೇಕಿತ್ತು. ಆದರೂ ಎಡಬದಿಯ ಮುಂದಿನ ಬಾಗಿಲಲ್ಲಿ, ಕಿಟಕಿಯ ಕೆಳಗೆ ಉದ್ದಕ್ಕೆ ಹೋಗುವ ಹೊಳೆಯುವ ಪಟ್ಟಿ ಸಡಿಲವಾಯಿತು. ಒಳಗಿನ ಕ್ಲಿಪ್ಪುಗಳು ಮುರಿದಿದ್ದವು. ಬ್ರಹ್ಮಾವರದಲ್ಲಿ ಹುಡುಕಿದರೂ ಅಂಥವು ಸಿಗಲಿಲ್ಲ. ಅಷ್ಟರಲ್ಲಿ ಮಾವ ಬೈಂದೂರಿಗೆ, ಹೆಂಡತಿಯ ತವರಿಗೆ ಬಂದಿದ್ದಾರೆ, ನಾಳೆ ಕರೆತರಬೇಕು ಎಂದಾಯಿತು. ಕಾರು ಕೊಟ್ಟ ಮೇಲೆ ಅವರು ಬರುತ್ತಿದ್ದುದು ಅದೇ ಮೊದಲು.

"ಭಾವ ಕಂಡ್ರೆ ಎಂತ ಎಣಿಸ್ಕಂತ್ರ್?" ಎನ್ನುತ್ತ ಅಪ್ಪಯ್ಯ ಮನೆಯೆಲ್ಲ ತಿರುಗಿದರು. ಕೊನೆಗೆ ಅಡುಗೆಮನೆಯ ಮೂಲೆಯಲ್ಲಿದ್ದ ಮೇಣದ ಕೋಲು ಕಣ್ಣಿಗೆ ಬಿತ್ತು. ಹಲಸು ಕೊಯ್ಯುವಾಗ ಅಂಟನ್ನೆಲ್ಲ ಒರೆಸಿ ಸುತ್ತಿಡುವ ಕೋಲು ಅದು. ತೂತಾದ ಕೊಡಪಾನಕ್ಕೆ ಆ ಮೇಣವನ್ನೇ ಕಾಯಿಸಿ ಮೆತ್ತುವುದು ನಮ್ಮ ಕಡೆಯ ರೂಢಿ. ಕೊಡಪಾನಕ್ಕೆ ಆಗುವುದು ಕಾರಿಗೆ ಯಾಕಾಗಬಾರದು? ನಾನು ಪಟ್ಟಿ ಒತ್ತಿ ಹಿಡಿದೆ, ಅಪ್ಪಯ್ಯ ಮೇಣ ಕಾಯಿಸಿ ತುಂಬಿದರು. ಅದು ತಣಿದ ಮೇಲೆ ಪಟ್ಟಿ ಅಲ್ಲಾಡಲಿಲ್ಲ.

"ಕಾಲೇಜಿಗ್ ಹೋಪವ್ಳಿಗೆ ಇದ್ ಹೊಳಿಲಿಲ್ಲೆ, ಕಾಣ್!" ಎಂದು ನನ್ನನ್ನು ಕೆಣಕಿದರು.

ಮರುದಿನ ಅಪ್ಪಯ್ಯನೂ ನಾನೂ ಮಾವನನ್ನು ಕರೆತರಲು ಹೋದೆವು. ಬೈಂದೂರಿನಲ್ಲಿ ಊಟ ಮುಗಿಯುವವರೆಗೆ ಕಾರು ಅಂಗಳದ ಬಿಸಿಲಲ್ಲಿ ನಿಂತಿತ್ತು. ಕಾಯಿಸಿ ಮೆತ್ತಿದ್ದು ಬಿಸಿಲಿಗೆ ಮತ್ತೆ ಕಾಯುತ್ತದೆ ಎಂದು ನಾವಿಬ್ಬರೂ ಯೋಚಿಸಿರಲಿಲ್ಲ. ಹೊರಬಂದರೆ ಪಟ್ಟಿಯ ಒಂದು ತುದಿ ಜೋತುಬಿದ್ದಿತ್ತು, ಮೇಣದ ಎಳೆಗಳು ಬಾಗಿಲ ಮೇಲೆ ಇಳಿದಿದ್ದವು. ಅಪ್ಪಯ್ಯನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಮಾವ ಬಗ್ಗಿ ಮೂಸಿದರು. "ಹ್ವಾಯ್ ಭಾವ, ಕಾರಿಗೂ ಹಲ್ಸಿನ್ ಹಣ್ಣ್ ತಿನ್ಸಿದ್ರ್ಯಾ?"

"ಕ್ಲಿಪ್ ಸಿಕ್ಲಿಲ್ಲೆ, ಭಾವ..."

"ಇರ್ಲಿ, ಹೋಪ ಬನ್ನಿ."

ಮಾವ ಮುಂದೆ ಕೂತು, ಕಿಟಕಿಯಿಂದ ಕೈ ಹೊರಹಾಕಿ ಪಟ್ಟಿಯನ್ನು ಅಂಗೈಯಿಂದ ಒತ್ತಿ ಹಿಡಿದರು. ಮರವಂತೆಯ ಕಡಲಗಾಳಿಯಲ್ಲೂ ಕೈ ತೆಗೆಯಲಿಲ್ಲ. ಮುಂಬೈಯ ಸುದ್ದಿಯೆಲ್ಲ ಹೇಳಿದರು, ಪಟ್ಟಿಯ ಮಾತೆತ್ತಲಿಲ್ಲ. ಕುಂದಾಪುರ ದಾಟುವಾಗ ಅಪ್ಪಯ್ಯ ಗಟ್ಟಿಯಾಗಿ ನಗುತ್ತಿದ್ದರು, ಅಥವಾ ನಕ್ಕರೆಂದು ನನಗೆ ಈಗ ಅನ್ನಿಸುತ್ತಿದೆ. ನಮ್ಮೂರಿನವರಿಗೆ ಕಂಡದ್ದು ಬಾಗಿಲ ಮೇಲೆ ಕೈಯಿಟ್ಟು ಆರಾಮಾಗಿ ಕೂತ ಮಾವ, ಅಷ್ಟೆ.

ಮನೆಯಲ್ಲಿ ಅಮ್ಮ ಅಣ್ಣನ ಅಂಗೈಗೆ ತೆಂಗಿನೆಣ್ಣೆ ತಿಕ್ಕಿ ಮೇಣ ಬಿಡಿಸಿದಳು, "ಅಣ್ಣಯ್ಯ, ನಿಂಗೆಂತ ಮರ್ಲಾ?" ಎಂದು ಹುಚ್ಚು ಹಿಡಿದವರಿಗೆ ಬೈದ ಹಾಗೆ ಬೈಯುತ್ತ.

ಪಟ್ಟಿಯನ್ನು ಕಿತ್ತು ಹಿಂದಿನ ಸೀಟಿನಲ್ಲಿ ಇಡಬಹುದಿತ್ತು ಎಂಬುದು ನನಗೂ ಬಹಳ ವರ್ಷ ತಲೆಗೆ ಬರಲಿಲ್ಲ. ಯಾಕೆ ಹಾಗೆ ಮಾಡಲಿಲ್ಲ ಎಂದು ಕಳೆದ ಸಲ ಮಾವ ಬಂದಾಗ ಕೇಳಿದೆ. ಅಂಗೈ ನೋಡಿಕೊಂಡರು, ಆಮೇಲೆ ಚಹಾ ಆಯಿತಾ ಎಂದು ಅಮ್ಮನನ್ನು ಕೂಗಿದರು. ಈ ಸಲ ಬಂದರೆ ಮತ್ತೆ ಕೇಳಬೇಕು: "ಮಾವ, ಅಷ್ಟ್ ದೂರ ಎಂತಕ್ಕೆ ಹಿಡ್ಕಂಡ್ ಕೂಕಂಡ್ರಿ?"