ನೋಡದೆ ಸುತ್ತಿದ ಊರುಗಳು

ವಿಜಯವಾಡದ ಭವಾನಿಪುರಂನಲ್ಲಿ ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ಮೂರು ಸಲ ಮೈಸೂರು ದಸರಾಕ್ಕೆ ಹೋಗಿ ಬಂದವರು. ನಾನು ಬಳ್ಳಾರಿಯವಳಾದರೂ ಆ ವೇಳೆಗೆ ಒಮ್ಮೆಯೂ ದಸರಾ ಕಂಡಿರಲಿಲ್ಲ. ಹೇಗಿತ್ತು ಎಂದು ಕೇಳಿದೆ. ಬ್ಯಾಂಡು ಚೆನ್ನಾಗಿತ್ತು, ಮಲ್ಲಿಗೆ ಘಮಘಮ ಅನ್ನುತ್ತಿತ್ತು ಎಂದರು. ಆನೆ ಎಂದೆ. ನಕ್ಕುಬಿಟ್ಟರು. ಕಾರಿಗೆ ಪರದೆ ಹಾಕಿತ್ತಂತೆ.

ಅದು ಹಳೆಯ ಜಮೀನ್ದಾರರ ಮನೆತನ. ಜಮೀನು ಹೋಗಿ, ಕೋಟೆಯಂಥ ಮನೆ ಹೋಗಿ, ಎರಡಂತಸ್ತಿನ ಈ ಮನೆಗೆ ಬಂದು ನಿಂತಿದ್ದರೂ ತಿರುಗಾಟದ ಗೀಳು ಮಾತ್ರ ಹೋಗಿರಲಿಲ್ಲ. ಆ ಸೀಮೆಗೆ ಮೊದಲ ಮೋಟಾರು ತಂದವರು ಅಜ್ಜಿಯ ಮಾವನಂತೆ. ಬೇಸಿಗೆ ಬಂತೆಂದರೆ ಇಡೀ ಸಂಸಾರ ವಿಶಾಖಪಟ್ಟಣದ ಸಮುದ್ರದಂಡೆಯ ಬಂಗಲೆಗೆ ಹೊರಡುತ್ತಿತ್ತು. ಮೊದಮೊದಲು ಮೇಲ್ ರೈಲಿಗೆ ಸೇರಿಸಿದ ಸ್ವಂತ ಬೋಗಿಯಲ್ಲಿ, ಆಮೇಲಿನ ವರ್ಷಗಳಲ್ಲಿ ಸಾಲು ಕಾರುಗಳಲ್ಲಿ. ಹೆಂಗಸರ ಗಾಡಿಗೆ ಮಾತ್ರ ಎಲ್ಲ ಕಾಲದಲ್ಲೂ ಪರದೆ. ಗಂಡಸರು ಇಳಿದು ಫೋಟೊ ತೆಗೆಸಿಕೊಳ್ಳುವಾಗ ಇವರು ಒಳಗೆ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಅಜ್ಜಿಗೆ ಊರುಗಳೆಲ್ಲ ಗೊತ್ತಿದ್ದದ್ದು ವಾಸನೆಯಿಂದ, ಸದ್ದಿನಿಂದ. ಸಂಜೆ ಜಗಲಿಯಲ್ಲಿ ಕೂತು ಅವರು ಆ ದಾರಿಯನ್ನು ಹೇಳುತ್ತಾ ಹೋದರೆ, ಕೃಷ್ಣೆಯ ಕಡೆಯಿಂದ ಬರುವ ಗಾಳಿಗೆ ನಾನೂ ಯಾವುದೋ ಮೆತ್ತನೆಯ ಸೀಟಿನಲ್ಲಿ ತೂಕಡಿಸುತ್ತಾ ಹೋಗುತ್ತಿರುವ ಹಾಗೆ ಅನಿಸುತ್ತಿತ್ತು.

ನಾನು ಕಣ್ಣಾಸ್ಪತ್ರೆಯೊಂದರಲ್ಲಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಒಂದು ದಿನ ಅಜ್ಜಿಯೇ ನನ್ನ ಯಂತ್ರದ ಮುಂದೆ ಬಂದು ಕೂತರು. ಬಟ್ಟಲಿನಂಥ ಅದರೊಳಗೆ ಮುಖವಿಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಚುಕ್ಕೆಗಳು ಎಡಕ್ಕೆ, ಬಲಕ್ಕೆ, ಮೇಲಕ್ಕೆ ಬಂದು ಹೋದವು. ಅಜ್ಜಿ ಗುಂಡಿ ಒತ್ತದೆ ಸುಮ್ಮನೆ ಕಾಯುತ್ತಿದ್ದರು. ನಟ್ಟನಡುವೆ ಬಂದಾಗ ಮಾತ್ರ ಒತ್ತಿದರು. ಗ್ಲಾಕೋಮಾ ಸುತ್ತಲಿನ ನೋಟವನ್ನೆಲ್ಲ ತಿಂದುಹಾಕಿತ್ತು. ಹೋದದ್ದು ಬರುವುದಿಲ್ಲ, ಉಳಿದದ್ದೂ ಎಷ್ಟು ದಿನವೋ ಎಂದರು ಡಾಕ್ಟರು. ಮಗನಿಗೆ ಹೇಳಬೇಡ ಎಂದು ಅಜ್ಜಿ ನನ್ನ ಕೈ ಹಿಡಿದುಕೊಂಡರು. ಹೇಳಿದರೆ ಮನೆಯಿಂದ ಹೊರಗೇ ಬಿಡುವುದಿಲ್ಲ ಎಂಬುದು ಅವರ ಭಯ. ಮಗನಿಗೆ ತಿಳಿದಿದ್ದದ್ದು ದಿನಕ್ಕೆರಡು ಹೊತ್ತು ಕಣ್ಣಿಗೆ ಔಷಧಿ ಬಿಡಬೇಕು ಎಂಬುದಷ್ಟೇ.

ಅವರಿಗೆ ಒಂದೇ ಆಸೆ. ವಿಶಾಖಪಟ್ಟಣದ ದಾರಿಯಲ್ಲಿ ಇಷ್ಟು ವರ್ಷ ಪರದೆಯೊಳಗೇ ದಾಟಿದ ಗೋದಾವರಿಯನ್ನು ಒಮ್ಮೆ ಕಣ್ಣಾರೆ ನೋಡಬೇಕು.

ಮಗ ಎಂದರೆ ಅರವತ್ತರ ಹತ್ತಿರದ, ತಾಯಿಯ ಮಾತಿಗೆ ಇಲ್ಲವೆನ್ನದ ಮನುಷ್ಯ. ಅಮ್ಮ ವಿಶಾಖಪಟ್ಟಣಕ್ಕೆ ಹೋಗಬೇಕು ಅಂದಳೆಂದು, ಬೀದಿಯಲ್ಲಿ ಯಾರ ಬಳಿಯೂ ಇಲ್ಲದಂಥ ದೊಡ್ಡ ಗಾಡಿ ತಂದು ನಿಲ್ಲಿಸಿದರು. ಅಮ್ಮನ ಮರ್ಯಾದೆಗೆಂದು ಗಾಜಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದರು, ಅದರ ಮೇಲೆ ಪರದೆ ಬೇರೆ. ನನಗೆ ಮೈಯೆಲ್ಲ ಉರಿದುಹೋಯಿತು. ಬಾಡಿಗೆಯವಳು ಆಡಬಾರದಷ್ಟು ಖಾರವಾಗಿ, ಇದರಲ್ಲಿ ಕೂತು ಅವರೇನು ನೋಡಬೇಕು ಎಂದು ಕೇಳಿಬಿಟ್ಟೆ. ಅವರು ಪಾಪ, ತಪ್ಪೇನೆಂದೇ ತಿಳಿಯದೆ ಹಾಗಾದರೆ ಗನ್ನವರಂನಿಂದ ವಿಮಾನದಲ್ಲಿ ಹೋಗೋಣ ಎಂದರು. ಮನೆತನದಲ್ಲಿ ವಿಮಾನ ಹತ್ತಿದ ಮೊದಲ ಹೆಂಗಸಾಗುತ್ತಾಳೆ ಅಮ್ಮ ಎಂದು ಅವರ ಮುಖ ಅರಳಿತು.

ಆಗ ಅಜ್ಜಿ ತೆಲುಗಿನಲ್ಲಿ ಮೆಲ್ಲಗೆ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. "ಎಲ್ಲಾ ಬಂಡೀನೂ ಹತ್ತಿಸಿದಿರಿ ನಾಯನಾ. ದಾರಿ ಒಂದನ್ನ ತೋರಿಸಲಿಲ್ಲ. ನಾಲ್ಕು ಜನರ ಜೊತೆ ಕೂರೋ ರೈಲಲ್ಲಿ, ಕಿಟಕಿ ಪಕ್ಕ ಕೂರಿಸು."

ಮಗ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದರು. ಮೂರನೆಯ ದಿನ ಅವರೇ ಹೋಗಿ ಹಗಲಿನ ರೈಲಿಗೆ ಟಿಕೆಟ್ ತಂದರು. ಬೇಸಿಗೆಗೆ ಕಾಯುವುದು ಬೇಡವೆಂದು ನಾನೇ ಅವಸರ ಮಾಡಿದ್ದೆ. ಶ್ರಾವಣದ ಒಂದು ಬೆಳಿಗ್ಗೆ ಮೂವರೂ ಹೊರಟೆವು.

ಎಂಥ ಪ್ರಯಾಣ ಅದು! ಕಿಟಕಿಯ ಕಂಬಿಗಳ ನಡುವಿನಿಂದ ಒದ್ದೆ ಗಾಳಿ ನುಗ್ಗುತ್ತಿತ್ತು. ನೀರು ನಿಂತ ಗದ್ದೆಗಳಲ್ಲಿ ಮೋಡಗಳು ನಮ್ಮ ಜೊತೆಗೇ ಬರುತ್ತಿದ್ದವು. ಅಜ್ಜಿ ಮೊದಲು ಅಭ್ಯಾಸಬಲದಿಂದ ಸೆರಗನ್ನು ಹಣೆಯವರೆಗೂ ಎಳೆದುಕೊಂಡು ಕೂತರು. ಏಲೂರಿನಲ್ಲಿ ಸೀಬೆಹಣ್ಣಿನವಳು ಕಿಟಕಿಗೆ ಬಂದು, ಅವರ ಮುಖವನ್ನೇ ನೋಡುತ್ತಾ ತಗೊಳ್ಳಮ್ಮಾ ಎಂದಳು. ಅಜ್ಜಿ ಬೆಚ್ಚಿಬಿದ್ದರು. ಅಪರಿಚಿತರೊಬ್ಬರು ಹಾಗೆ ನೇರವಾಗಿ ನೋಡಿ ಮಾತಾಡಿಸಿದ್ದು ಅವರಿಗೆ ಹೊಸತು. ಹಣ್ಣು ಕೊಂಡರು, ಸೆರಗು ಜಾರಿದ್ದನ್ನು ಮತ್ತೆ ಸರಿಪಡಿಸಿಕೊಳ್ಳಲಿಲ್ಲ. ಎದುರು ಕೂತ ಮಗ ಬೋಗಿಗೆಲ್ಲ ತಾನೇ ಕಾವಲು ಎಂಬಂತೆ ಬಂದವರು ಹೋದವರನ್ನೆಲ್ಲ ದುರುಗುಟ್ಟುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸೇತುವೆ ಬಂತು. ಕೆಳಗೆ ಗೋದಾವರಿ ಕೆಂಪಗೆ, ತುಂಬಿಕೊಂಡು, ದಡವೇ ಇಲ್ಲವೇನೋ ಎಂಬಷ್ಟು ಅಗಲವಾಗಿ ಹರಿಯುತ್ತಿತ್ತು. ಅಜ್ಜಿ ಕಂಬಿಗೆ ಮುಖ ತಾಗಿಸಿ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, "ಇಷ್ಟೇನಾ, ಅಮ್ಮಾಯಿ?" ಎಂದರು.

ಅವರಿಗೆ ಕಂಡದ್ದು ಮನೆಯ ಬಾಗಿಲಿನಷ್ಟಗಲದ ನೀರು. ನಾನು ಅವರ ಗದ್ದ ಹಿಡಿದು ಎಡಗಡೆ ತಿರುಗಿಸಿದೆ, ಅಲ್ಲಿಂದ ಮೆಲ್ಲಗೆ ಬಲಕ್ಕೆ ತಂದೆ. ನೀರಿನ ತುಣುಕು ಒಂದರ ಪಕ್ಕ ಒಂದು ಸೇರುತ್ತಾ ಹೋಗಿರಬೇಕು, ಅವರ ತುಟಿ ತೆರೆದುಕೊಂಡಿತು.

ಎದುರಿನ ಸೀಟಿನಲ್ಲಿ ಮಗ ದುರುಗುಟ್ಟುವುದನ್ನು ಮರೆತು ಇದನ್ನೇ ನೋಡುತ್ತಿದ್ದರು. ಎದ್ದು ಬಂದು, ಅಷ್ಟು ಜನರ ಕಾಲುಗಳ ನಡುವೆ ನೆಲದ ಮೇಲೇ ಮಂಡಿಯೂರಿದರು. ನನ್ನ ಕೈ ಸರಿಸಿ ತಾಯಿಯ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡರು.

"ಇನ್ನೂ ಇದೆಯಾ?" ಎಂದರು ಅಜ್ಜಿ.

"ಇದೆಯಮ್ಮಾ," ಎಂದು ಮಗ ಆ ಮುಖವನ್ನು ಇನ್ನೊಂದಿಷ್ಟು ತಿರುಗಿಸಿದರು. "ಇಲ್ನೋಡು. ಇನ್ನೂ ಇದೆ."