‘ಅಂದಹಾಗೆ’ ಬಂದಲ್ಲೆಲ್ಲ ಕತ್ತರಿ

ಸೋಫಾ ರಿಪೇರಿ ಅಂಗಡಿಯ ಯಜಮಾನರನ್ನು ಬೀದಿಯವರು ಕರೆಯುವುದು ‘ಅಂದಹಾಗೆ’ ಎಂದು. ಸೋಫಾ ಯಾವತ್ತು ಸಿಗುತ್ತದೆ ಎಂದು ಕೇಳಿದರೆ ಅವರು ಸ್ಪ್ರಿಂಗಿನಿಂದ ಶುರುಮಾಡಿ, ‘ಅಂದಹಾಗೆ’ ಎಂದು ಮಾವನ ಮಂಡಿನೋವಿಗೆ ಹಾಯ್ದು, ಇನ್ನೊಂದು ‘ಅಂದಹಾಗೆ’ಯಲ್ಲಿ ಪಕ್ಕದ ಮನೆಯ ಬೆಕ್ಕಿನ ಬಾಣಂತನಕ್ಕೆ ತಲುಪುತ್ತಾರೆ. ಗಿರಾಕಿಗೆ ಬೆಕ್ಕಿನ ವಿಷಯ ಪೂರ್ತಿ ತಿಳಿಯುತ್ತದೆ, ಸೋಫಾದ್ದು ತಿಳಿಯುವುದಿಲ್ಲ.

ಅವರನ್ನು ಸಾಕಿ ಬೆಳೆಸಿದವರು ಅಕ್ಕ, ಆಸ್ಪತ್ರೆಯ ಅಡುಗೆಮನೆಯ ಮೇಲ್ವಿಚಾರಕಿ. ಅಕ್ಕನ ನಿವೃತ್ತಿಯ ಬೀಳ್ಕೊಡುಗೆಯಲ್ಲಿ ಮನೆಯವರ ಪರವಾಗಿ ಐದು ನಿಮಿಷ ಮಾತನಾಡಲು ತಮ್ಮ ಒಪ್ಪಿಕೊಂಡರು. ಅಕ್ಕ ಬೇಡವೆನ್ನಲಿಲ್ಲ. ಬಂದವರಿಗೆ ಮೊದಲು ಊಟ ಬಡಿಸಿ ಆಮೇಲೆ ಇವನಿಗೆ ಮೈಕ್ ಕೊಡಿ ಎಂದರಷ್ಟೇ.

ತಮ್ಮನಿಗೆ ಹೇಳಬೇಕಿದ್ದದ್ದು ಒಂದೇ ಸಂಗತಿ. ಕೆಲಸ ಕಲಿಯುವಾಗ ಅವರು ಮಾಡಿದ ಮೊದಲ ಕುರ್ಚಿ ಎಡಕ್ಕೆ ವಾಲುತ್ತಿತ್ತು. ಗಿರಾಕಿ ಅದನ್ನು ವಾಪಸು ತಂದಿಟ್ಟು ಹೋದ. ಅಕ್ಕ ಮನೆಗೆ ಹೊತ್ತುತಂದು, ಇಂಥ ಕುರ್ಚಿಯಲ್ಲಿ ಕೂತರೆ ಏಳಲು ಮನಸ್ಸೇ ಬಾರದು ಎಂದು ಹೊಗಳಿ, ಇಂದಿಗೂ ಅದರಲ್ಲೇ ಕೂರುತ್ತಾರೆ. ಅದು ಸುಳ್ಳೆಂದು ತಮ್ಮನಿಗೆ ಅಂದೇ ಗೊತ್ತಿತ್ತು. ಆ ಸುಳ್ಳಿನ ಧೈರ್ಯದಲ್ಲೇ ಅವರು ಎರಡನೆಯ ಕುರ್ಚಿಗೆ ಕೈಹಾಕಿದ್ದು. ಇದನ್ನು ಅಕ್ಕನಿಗೆ ಹೇಳಲು ಎಷ್ಟೋ ಸಲ ಹೊರಟಿದ್ದರು. ಪ್ರತಿ ಸಲವೂ ಮಾತು ಬೇರೆಲ್ಲೋ ಇಳಿದುಹೋಗಿತ್ತು.

ಈ ಸಲ ಬರೆದುಕೊಂಡೇ ಓದುವುದೆಂದು ಕೂತರು. ಅಕ್ಕ ಹುಟ್ಟಿದಲ್ಲಿಂದ ಶುರುಮಾಡಿದರು; ಹಾಳೆಗಳು ತುಂಬಿದರೂ ಅಕ್ಕ ಇನ್ನೂ ಶಾಲೆಗೇ ಸೇರಿರಲಿಲ್ಲ. ಅದನ್ನು ಬಿಟ್ಟು ಗುಣಗಳನ್ನು ಒಂದೊಂದಾಗಿ ಬರೆದರು, ಚುನಾವಣೆಯ ಕರಪತ್ರದಂತಾಯಿತು. ಕಡೆಗೆ ಬಾಯಿಗೆ ಬಂದಂತೆ ಬರೆದು ಹೆಂಡತಿಗೆ ಕೊಟ್ಟರು. ಕುರ್ಚಿ ಕೊನೆಯ ಹಾಳೆಯಲ್ಲಿತ್ತು, ಅದೂ ಒಂದು ‘ಅಂದಹಾಗೆ’ಯ ಬಾಲದಲ್ಲಿ.

ಹೆಂಡತಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತೆಗೆದುಕೊಂಡರು. ಕಾಗದಕ್ಕೆ ಹಾಕಿದರೆ ಕತ್ತರಿಯ ಬಾಯಿ ಮೊಂಡಾಗುತ್ತದೆ ಎಂದು ಗಂಡ ಗೋಳಾಡಿದರು. ಆಕೆ ಕಿವಿಗೆ ಹಾಕಿಕೊಳ್ಳದೆ ‘ಅಂದಹಾಗೆ’ ಬಂದಲ್ಲೆಲ್ಲ ಕತ್ತರಿಸಿ, ಅಕ್ಕನಿರುವ ತುಂಡುಗಳನ್ನು ಸೋಫಾದ ಒಂದು ತುದಿಗೂ ಗಂಡನ ಸ್ವಂತ ಕತೆಗಳನ್ನು ಇನ್ನೊಂದು ತುದಿಗೂ ಹಾಕುತ್ತ ಹೋದರು. ಸ್ವಂತ ಕತೆಗಳು ತುಂಬಿ ನೆಲಕ್ಕೆ ಚೆಲ್ಲಿದವು.

“ಬೀಳ್ಕೊಡುಗೆ ಯಾರಿಗೆ ರೀ? ಅಕ್ಕನಿಗಾ, ನಿಮಗಾ?”

ಗಂಡ ನಗುತ್ತಲೇ ಆ ರಾಶಿಯನ್ನು ಚಿಂದಿ ಚೀಲಕ್ಕೆ ತುಂಬಿದರು. ಆದರೆ ಕುರ್ಚಿ ಕೊನೆಯಲ್ಲೇ ಇರಲಿ, ಜನ ಕಾಯುತ್ತಾರೆ ಎಂದು ಹಟ ಹಿಡಿದರು.

“ಜನ ಕಾಯ್ತಾರೆ. ನೀವು ಅಲ್ಲಿಗೆ ಬಂದು ಮುಟ್ತೀರಾ?”

ಕುರ್ಚಿ ಮೊದಲಿಗೆ ಬಂತು. ಉಳಿದ ತುಂಡುಗಳಲ್ಲಿ ಅದರ ನೆಂಟರು ಯಾರೆಂದು ಇಬ್ಬರೂ ಹುಡುಕಿದರು. ಊಟ ಬೇಡವೆನ್ನುವ ರೋಗಿಗಳ ಹತ್ತಿರ ಅಕ್ಕ ಹೋಗಿ, ಇದನ್ನು ನಿಮಗೊಬ್ಬರಿಗೇ ಅಂತ ಮಾಡಿಸಿದ್ದು ಎಂದು ಎಲ್ಲರಿಗೂ ಒಂದೇ ಮಾತು ಹೇಳಿ ಉಣ್ಣಿಸುತ್ತಿದ್ದ ಕತೆಯ ತುಂಡು ಸಿಕ್ಕಿತು. ಅದನ್ನು ಕುರ್ಚಿಯ ಪಕ್ಕದಲ್ಲಿಟ್ಟ ಕೂಡಲೇ ಮೊದಲ ವಾಕ್ಯ ತಾನಾಗಿ ಹೊಳೆಯಿತು. ಮಿಕ್ಕದ್ದೆಲ್ಲ ಚೀಲಕ್ಕೆ ಹೋಯಿತು.

ಬೀಳ್ಕೊಡುಗೆಯ ದಿನ ಆಸ್ಪತ್ರೆಯ ಊಟದ ಹಾಲ್‌ನಲ್ಲಿ ಮೈಕ್ ತಮ್ಮನ ಕೈಗೆ ಬಂದದ್ದು ನೋಡಿ ಕೆಲವರು ಕುರ್ಚಿಯಲ್ಲಿ ಹಿಂದಕ್ಕೊರಗಿ ಆರಾಮಾದರು.

“ನಮ್ಮಕ್ಕ ದೊಡ್ಡ ಸುಳ್ಳುಬುರುಕಿ.”

ಒರಗಿದವರು ನೆಟ್ಟಗಾದರು. ಕುರ್ಚಿಯ ಬಗ್ಗೆ ಅಕ್ಕ ಆಡಿದ ಸುಳ್ಳನ್ನು ತಮ್ಮ ಹೇಳಿದರು, ಅದು ತನ್ನ ಕೈಗೆ ಏನು ಕೊಟ್ಟಿತೆಂದು ಹೇಳಿದರು. ರೋಗಿಗಳ ಸುಳ್ಳಿಗೆ ಬರುವಷ್ಟರಲ್ಲಿ ನರ್ಸುಗಳು, ಅಡುಗೆಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಐದು ನಿಮಿಷ ತುಂಬುವ ಮೊದಲೇ ಅವರು ಮಾತು ಮುಗಿಸಿ ನಿಂತರು.

ಅಕ್ಕ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮೈಕ್ ಈಸಿಕೊಂಡರು.

“ಗೊತ್ತಿದ್ದೂ ಇಷ್ಟು ವರ್ಷ ಸುಮ್ನಿದ್ಯೇನೋ? ಸೊಂಟ ಹೋಯ್ತಲ್ಲೋ ನಂದು. ನಾಳೆ ಬಂದು ಸರಿ ಮಾಡ್ಕೊಡು.”

ಮರುದಿನ ಉಪಕರಣಗಳ ಸಮೇತ ತಮ್ಮ ಹೋಗಿ ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿದರು. ಅಕ್ಕ ಕೂತರು, ಅಭ್ಯಾಸಬಲದಿಂದ ಬಲಕ್ಕೆ ಭಾರ ಹಾಕಿದರು, ಬೀಳುವಂತಾಗಿ ತಮ್ಮನ ಭುಜ ಹಿಡಿದುಕೊಂಡರು. ಮೊದಲಿದ್ದ ಹಾಗೇ ಮಾಡಿಕೊಡು ಎಂದರು. ತಮ್ಮ ಮತ್ತೆ ಕೆಲಸಕ್ಕೆ ಕೂತರು. ಬೇಕೆಂದೇ ವಾಲಿಸುವುದು ನೆಟ್ಟಗೆ ಮಾಡುವುದಕ್ಕಿಂತ ಕಷ್ಟದ ಕೆಲಸ, ಸಂಜೆಯವರೆಗೂ ಹಿಡಿಯಿತು.